ದಾಳಿಂಬೆ ಜ್ಯೂಸಾ, ದಂಟಿನ ಸೊಪ್ಪಿನ ಪಲ್ಯವಾ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. ಮೊನ್ನೆ ಬ್ಲಡ್ ಟೆಸ್ಟ್ ಮಾಡಿಸಿದಾಗ ಹಿಮೋಗ್ಲೋಬಿನ್ 9.8 ಬಂತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಚೆನ್ನಾಗಿ ತಿನ್ನಿಸಿ ಅಂದರು. ನಮ್ಮ ಮನೆಯವರು ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ದಾಳಿಂಬೆ ಜ್ಯೂಸ್ ಮಾಡಿ ಕುಡಿಸುತ್ತಿದ್ದಾರೆ. ಅತ್ತೆ ಮಾತ್ರ ಅದೆಲ್ಲ ಬೇಡ, ದಂಟಿನ ಸೊಪ್ಪು ಬೇಯಿಸಿ ಹಾಕು ಅನ್ನುತ್ತಾರೆ. ಬೇಯಿಸಿದರೆ ಸತ್ವ ಎಲ್ಲ ಹೋಗಲ್ವಾ? ಜ್ಯೂಸ್ ಆದರೆ ಹಸಿಯಾಗಿಯೇ ಇರುತ್ತದಲ್ಲ? ಮಗಳಿಗೆ ಸೊಪ್ಪು ಅಂದರೆ ಅಷ್ಟಕ್ಕಷ್ಟೇ. ಯಾವುದನ್ನು ಮುಂದುವರಿಸಲಿ?

ಉತ್ತರ: ನಿಮ್ಮ ಅತ್ತೆಯವರ ಮಾತೇ ಸರಿ. ಆದರೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಇಬ್ಬರ ಚರ್ಚೆಯಲ್ಲಿ ಅದು ಎಲ್ಲಿ ಮರೆತುಹೋಗುತ್ತದೋ ಅನ್ನುವ ಭಯ ನನಗೆ, ಯಾಕೆಂದರೆ ಇಂಥ ಮನೆಗಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹಣ್ಣು, ಜ್ಯೂಸು, ಖರ್ಜೂರ, ಬೀಟ್‌ರೂಟು ಎಲ್ಲ ಬಂದಿರುತ್ತದೆ, ಮಾತ್ರೆಯ ಪಟ್ಟಿ ಮಾತ್ರ ಡಬ್ಬಿಯಲ್ಲಿ ಹಾಗೇ ಇರುತ್ತದೆ.

ನಿಮ್ಮ ಮಗಳ ವಯಸ್ಸಿಗೆ ಹಿಮೋಗ್ಲೋಬಿನ್ 12 ಇರಬೇಕು. 11ಕ್ಕಿಂತ ಕೆಳಗೆ ಹೋದರೆ ಅದನ್ನು ಮಧ್ಯಮ ಮಟ್ಟದ ರಕ್ತಹೀನತೆ ಅನ್ನುತ್ತಾರೆ. 9.8 ಅಂದರೆ ಗಾಬರಿ ಬೀಳುವಂಥದ್ದಲ್ಲ, ಆದರೆ ಬರೀ ಊಟದಿಂದ ಸರಿಮಾಡಿಕೊಳ್ಳುತ್ತೇವೆ ಅಂತ ಕೂರುವಂಥದ್ದೂ ಅಲ್ಲ. ನಿಮ್ಮ ಮನೆ ಒಂದರ ಕಥೆ ಅಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ಈಗ ಜ್ಯೂಸ್ ವಿಷಯಕ್ಕೆ ಬರೋಣ. ದಾಳಿಂಬೆ ಕುಡಿದರೆ ರಕ್ತ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಅಂದರೆ, ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ದಾಳಿಂಬೆ ಇರಲೇಬೇಕು. ಕಾರಣ ಬಣ್ಣ, ಅಷ್ಟೇ. ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್‌ನ ನಡುವೆ ಕೂತಿರುವ ಕಬ್ಬಿಣದಿಂದ. ದಾಳಿಂಬೆ ಕೆಂಪಗಿರುವುದು ಆಂಥೋಸಯನಿನ್ ಅನ್ನುವ ಬಣ್ಣದಿಂದ. ನೇರಳೆ ಹಣ್ಣಿಗೆ, ಕಪ್ಪು ದ್ರಾಕ್ಷಿಗೆ ಬಣ್ಣ ಕೊಡುವುದೂ ಅದೇ ಜಾತಿಯದ್ದು. ಅದಕ್ಕೂ ಕಬ್ಬಿಣಕ್ಕೂ ಸಂಬಂಧವೇ ಇಲ್ಲ. ಬೀಟ್‌ರೂಟಿನ ಕೆಂಪು ಇನ್ನೊಂದು ಬಗೆಯದು, ಅದೂ ಕಬ್ಬಿಣದ್ದಲ್ಲ. 100 ಗ್ರಾಂ ಹಸಿ ಬೀಟ್‌ರೂಟಿನಲ್ಲಿ ಕಬ್ಬಿಣ ಇರುವುದು ಸುಮಾರು 0.8 ಮಿಲಿಗ್ರಾಂ.

ಒಂದು ದೊಡ್ಡ ಲೋಟ, ಅಂದರೆ 250 ಮಿ.ಲೀ. ದಾಳಿಂಬೆ ರಸ ಅಂತ ಇಟ್ಟುಕೊಳ್ಳಿ. ಅದರಲ್ಲಿ ಕಬ್ಬಿಣ ಸುಮಾರು ಕಾಲು ಮಿಲಿಗ್ರಾಂ. ನಾರು ಇಲ್ಲವೇ ಇಲ್ಲ ಅನ್ನಬಹುದು. ಸಕ್ಕರೆ 30 ಗ್ರಾಂಗಿಂತ ಜಾಸ್ತಿ, ಅಂದರೆ ಆರು ಚಮಚದಷ್ಟು, ಅದೂ ನೀವು ಮೇಲಿಂದ ಒಂದು ಕಾಳೂ ಹಾಕದಿದ್ದಾಗ. ಹಣ್ಣಿನದೇ ಸಕ್ಕರೆ ಅಲ್ವಾ, ಏನಾಗುತ್ತದೆ ಅಂತ ಕೇಳುತ್ತಾರೆ. ಹಣ್ಣಿನೊಳಗೆ ಇರುವಾಗ ಅದು ನಾರಿನ ಜೊತೆ ಸಿಕ್ಕಿಹಾಕಿಕೊಂಡಿರುತ್ತದೆ, ಅಗಿದು ತಿನ್ನಬೇಕು, ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಹಿಂಡಿ ಸೋಸಿದ ಮೇಲೆ ಅದು ಬರೀ ಸಿಹಿ ನೀರು, ಎರಡು ನಿಮಿಷದಲ್ಲಿ ಗಂಟಲಿಂದ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜ್ಯೂಸಿನ ಸಕ್ಕರೆಯನ್ನೂ ಡಬ್ಬಿಯ ಸಕ್ಕರೆಯ ಜೊತೆಗೇ ಸೇರಿಸಿತು, ಇಡೀ ಹಣ್ಣಿನ ಸಕ್ಕರೆಯನ್ನು ಸೇರಿಸಲಿಲ್ಲ.

ನೀವೇ ಒಮ್ಮೆ ನೋಡಿ. ಎರಡು ದಾಳಿಂಬೆ ಬಿಡಿಸಿ, ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿದ ಮೇಲೆ ಜರಡಿಯಲ್ಲಿ ಒಂದು ಹಿಡಿ ಬೆಳ್ಳಗಿನ ಗಷ್ಟು ಉಳಿಯುತ್ತದಲ್ಲ, ಬೀಜದ ಚೂರು, ಸಿಪ್ಪೆ ಎಲ್ಲ ಸೇರಿ, ಅದೇ ನಾರು. 100 ಗ್ರಾಂ ದಾಳಿಂಬೆ ಕಾಳಿನಲ್ಲಿ 4 ಗ್ರಾಂನಷ್ಟು ನಾರು ಇರುತ್ತದೆ. ಅದನ್ನು ನಾವು ಸಿಂಕಿಗೆ ಸುರಿದು ಲೋಟವನ್ನು ಮಗುವಿನ ಕೈಗೆ ಕೊಡುತ್ತೇವೆ.

ದಾಳಿಂಬೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಒಳ್ಳೆಯ ಹಣ್ಣು. ನಮ್ಮ ಕೊಪ್ಪಳ, ಬಾಗಲಕೋಟೆ, ಚಿತ್ರದುರ್ಗದ ಕಡೆ ರೈತರು ಎಷ್ಟು ಕಷ್ಟಪಟ್ಟು ಬೆಳೆಯುತ್ತಾರೆ. ಆ ಕೆಂಪು ಬಣ್ಣದ ವಸ್ತುಗಳಿಂದ ರಕ್ತನಾಳಗಳಿಗೆ ಒಳ್ಳೆಯದಾಗಬಹುದು, ಬಿಪಿ ಸ್ವಲ್ಪ ಇಳಿಯುವುದೂ ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಪೊಟ್ಯಾಸಿಯಂ ಚೆನ್ನಾಗಿದೆ. ಜ್ವರ ಬಂದು ಬಾಯಿ ಕೆಟ್ಟವರಿಗೆ, ಅಗಿಯಲು ಆಗದ ವಯಸ್ಸಾದವರಿಗೆ ಅರ್ಧ ಲೋಟ ರಸ ನಿಜವಾಗಿಯೂ ಆಸರೆ. ಆದರೆ ನಿಮ್ಮ ಮಗಳಿಗೆ ಬೇಕಿರುವುದು ಕಬ್ಬಿಣ. ಅದು ಆ ಲೋಟದಲ್ಲಿ ಇಲ್ಲ.

ಇನ್ನು ದಂಟು. ಹಳೇ ಮೈಸೂರು ಕಡೆ ದಂಟಿನ ಸೊಪ್ಪು, ಕರಾವಳಿಯಲ್ಲಿ ಹರಿವೆ, ಉತ್ತರ ಕರ್ನಾಟಕದಲ್ಲಿ ರಾಜಗಿರಿ, ಎಲ್ಲ ಒಂದೇ ಕುಟುಂಬದವು. ಬೇಯಿಸಿದ 100 ಗ್ರಾಂ, ಅಂದರೆ ಒಂದು ಸಣ್ಣ ಬಟ್ಟಲಿನಷ್ಟು ಸೊಪ್ಪಿನಲ್ಲಿ ಕಬ್ಬಿಣ 2 ಮಿಲಿಗ್ರಾಂಗಿಂತ ಜಾಸ್ತಿ, ತಳಿ ಮತ್ತು ಮಣ್ಣನ್ನು ನೋಡಿಕೊಂಡು 4ರವರೆಗೂ ಹೋಗುತ್ತದೆ. ಕ್ಯಾಲ್ಸಿಯಂ 200 ಮಿಲಿಗ್ರಾಂ ಆಸುಪಾಸು. ಎಣ್ಣೆ ಲೆಕ್ಕ ಬಿಟ್ಟರೆ ಶಕ್ತಿ 20 ಕ್ಯಾಲೊರಿ ಚಿಲ್ಲರೆ, ಸಕ್ಕರೆ ಹೆಸರಿಗೂ ಇಲ್ಲ. ಮೇಲಿಂದ ಮೆಗ್ನೀಸಿಯಂ, ಫೋಲೇಟ್, ಕಣ್ಣಿಗೆ ಬೇಕಾದ ವಿಟಮಿನ್ ಎ ಆಗುವ ಕ್ಯಾರೊಟಿನ್. ಇದರಲ್ಲಿ ಫೋಲೇಟ್ ನಿಮಗೆ ಮುಖ್ಯ, ಹೊಸ ರಕ್ತಕಣ ಹುಟ್ಟಬೇಕಾದರೆ ಕಬ್ಬಿಣದ ಜೊತೆ ಅದೂ ಬೇಕು. ಮೆಗ್ನೀಸಿಯಂ ಯಾಕೆ ಅಷ್ಟು ಅಂತ ಕೇಳಿದರೆ ಅದಕ್ಕೊಂದು ಚೆಂದದ ಕಾರಣ ಇದೆ. ರಕ್ತದ ಕೆಂಪಿನ ನಡುವೆ ಕಬ್ಬಿಣ ಕೂತಿರುವ ಹಾಗೆ ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಕೂತಿದೆ. ಎರಡರ ರಚನೆಯೂ ಹೆಚ್ಚುಕಡಿಮೆ ಅಣ್ಣತಮ್ಮಂದಿರ ಹಾಗೆ.

ಅಂದರೆ ಕಬ್ಬಿಣದ ವಿಷಯದಲ್ಲಿ ಒಂದು ದೊಡ್ಡ ಲೋಟ ಜ್ಯೂಸಿಗಿಂತ ಒಂದು ಸಣ್ಣ ಬಟ್ಟಲು ಪಲ್ಯ ಸುಮಾರು ಹತ್ತು ಪಟ್ಟು ಮೇಲೆ. ಬೆಲೆಯ ಮಾತು ನಾನು ಹೇಳಬೇಕಾಗಿಲ್ಲ. ದಿನಕ್ಕೆ ಎರಡು ದಾಳಿಂಬೆ ತರುವ ದುಡ್ಡಿನಲ್ಲಿ ಎಷ್ಟು ಕಟ್ಟು ಸೊಪ್ಪು ಬರುತ್ತದೆ ಅನ್ನುವುದು ನಿಮಗೇ ಗೊತ್ತು.

ಆದರೆ ಸೊಪ್ಪಿನ ಪರ ಇಷ್ಟು ಹೇಳಿದ ಮೇಲೆ ಅದರ ಕೊರತೆಯನ್ನೂ ಹೇಳಲೇಬೇಕು. ಸೊಪ್ಪಿನಲ್ಲಿರುವ ಕಬ್ಬಿಣ ಎಲ್ಲವೂ ಮೈಗೆ ಹತ್ತುವುದಿಲ್ಲ. ನಮ್ಮ ಊಟದಲ್ಲಿ ಕಾಳು, ಧಾನ್ಯ, ಸೊಪ್ಪಿನಿಂದ ಬರುವ ಕಬ್ಬಿಣದಲ್ಲಿ ನೂರಕ್ಕೆ 5ರಿಂದ 8 ಭಾಗ ಮಾತ್ರ ಒಳಗೆ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಮ್ಮ ಮಗಳ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ 30 ಮಿಲಿಗ್ರಾಂನಷ್ಟು ಕಬ್ಬಿಣ ಬೇಕು ಅಂತ ಹೇಳಿದ್ದು. ಒಂದು ಬಟ್ಟಲು ಸೊಪ್ಪು ಅದರಲ್ಲಿ ಹತ್ತನೇ ಒಂದು ಭಾಗ. ಮಾತ್ರೆಯನ್ನು ಬಿಡಬೇಡಿ ಅಂದದ್ದು ಇದಕ್ಕೇ. ಕಬ್ಬಿಣ 60 ಮಿಲಿಗ್ರಾಂ ಇರುವ ಒಂದು ಮಾತ್ರೆಗೆ ಸಮ ಆಗಬೇಕಾದರೆ ಇಪ್ಪತ್ತು ಬಟ್ಟಲು ಪಲ್ಯ ತಿನ್ನಬೇಕು. ಯಾರಿಂದ ಆಗುತ್ತದೆ? ಖಾಲಿಯಾದ ಉಗ್ರಾಣವನ್ನು ತುಂಬುವುದು ಮಾತ್ರೆ. ತುಂಬಿದ್ದು ಮತ್ತೆ ಖಾಲಿಯಾಗದ ಹಾಗೆ ನೋಡಿಕೊಳ್ಳುವುದು ಊಟ.

ಈಗ ನಿಮ್ಮ ಮುಖ್ಯ ಅನುಮಾನ, ಬೇಯಿಸಿದರೆ ಸತ್ವ ಹೋಗಲ್ವಾ ಅನ್ನುವುದು. ಕಬ್ಬಿಣ, ಕ್ಯಾಲ್ಸಿಯಂ ಎಲ್ಲ ಖನಿಜ. ಬೆಂಕಿಗೆ ಅವು ಸುಟ್ಟುಹೋಗುವುದಿಲ್ಲ. ಕ್ಯಾರೊಟಿನ್ ಅಂತೂ ಬೆಂದಾಗಲೇ ಎಲೆಯಿಂದ ಬಿಡಿಸಿಕೊಂಡು ಸುಲಭವಾಗಿ ಸಿಗುತ್ತದೆ, ಸ್ವಲ್ಪ ಎಣ್ಣೆಯ ಒಗ್ಗರಣೆ, ತೆಂಗಿನತುರಿ ಇದ್ದರೆ ಇನ್ನೂ ಚೆನ್ನಾಗಿ. ಹೋಗುವುದು ಮುಖ್ಯವಾಗಿ ವಿಟಮಿನ್ ಸಿ ಮತ್ತು ಫೋಲೇಟ್. ಪಾಲಕ್‌ನ ಲೆಕ್ಕ ನೋಡಿ, ಹಸಿ ಇರುವಾಗ 100 ಗ್ರಾಂನಲ್ಲಿ 28 ಮಿಲಿಗ್ರಾಂ ವಿಟಮಿನ್ ಸಿ, ಬೇಯಿಸಿ ನೀರು ಬಸಿದ ಮೇಲೆ 10. ಹಾಗಿದ್ದರೂ ಒಂದು ಮಾತು ನೆನಪಿಡಿ. ಹಸಿ ಎಲೆಯನ್ನು ನಾವು ಎಷ್ಟು ತಿನ್ನಬಲ್ಲೆವು? ಒಂದು ದೊಡ್ಡ ಕಟ್ಟು ದಂಟು ಬಿಡಿಸಿ ಹೆಚ್ಚಿದರೆ ಪಾತ್ರೆ ತುಂಬಿ ಮುಚ್ಚಳ ಕೂರುವುದಿಲ್ಲ, ಐದು ನಿಮಿಷ ಬೆಂದ ಮೇಲೆ ತಳದಲ್ಲಿ ಒಂದು ಮುಷ್ಟಿ. ಆ ಮುಷ್ಟಿಯನ್ನು ಮಗು ಅನ್ನದ ಜೊತೆ ಆರಾಮಾಗಿ ತಿನ್ನುತ್ತದೆ, ಆ ಪಾತ್ರೆ ತುಂಬ ಹಸಿ ಎಲೆಯನ್ನು ಯಾವ ಕಾಲಕ್ಕೂ ತಿನ್ನುವುದಿಲ್ಲ.

ನೀರಿಗೆ ಹೋದದ್ದನ್ನು ಹಿಡಿಯುವ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಬಸ್ಸಾರು. ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನನಗೆ ಪೌಷ್ಟಿಕತೆಯ ಲೆಕ್ಕದಲ್ಲಿ ಇದಕ್ಕಿಂತ ಜಾಣತನದ ಅಡುಗೆ ಕಂಡಿಲ್ಲ. ಅಲಸಂದೆ ಕಾಳೋ ತೊಗರಿ ಕಾಳೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕುತ್ತೀರಿ. ಬೆಂದ ಕೂಡಲೇ ನೀರನ್ನು ಬಸಿದು ಪಕ್ಕಕ್ಕಿಡುತ್ತೀರಿ, ಅದೇ ಕಟ್ಟು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಕಾಳು ಸೊಪ್ಪನ್ನೂ ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿಗೆ ಇಳಿದ ಫೋಲೇಟು, ಪೊಟ್ಯಾಸಿಯಂ ಎಲ್ಲ ಸಾರಿನಲ್ಲಿ ವಾಪಸ್ಸು ತಟ್ಟೆಗೆ ಬಂತು, ಕಾಳಿನ ಪ್ರೋಟೀನೂ ಸೇರಿತು. ಒಂದು ತುತ್ತು ಮುದ್ದೆಯ ಜೊತೆ ಇದು ಪೂರ್ತಿ ಊಟ. ಒಂದೇ ಒಂದು ಎಚ್ಚರಿಕೆ, ಸೊಪ್ಪು ಹಸಿರಾಗಿ ಕಾಣಲಿ ಅಂತ ಅಡುಗೆ ಸೋಡಾ ಹಾಕಬೇಡಿ. ಬಣ್ಣ ಉಳಿಯುತ್ತದೆ, ವಿಟಮಿನ್ ಹೋಗುತ್ತದೆ. ಮತ್ತೆ ಹೆಚ್ಚಿದ ಮೇಲೆ ತೊಳೆಯುವುದಲ್ಲ, ತೊಳೆದು ಆಮೇಲೆ ಹೆಚ್ಚುವುದು.

ಜ್ಯೂಸ್ ಗೆಲ್ಲಬಹುದಾದ ಒಂದೇ ಜಾಗ ವಿಟಮಿನ್ ಸಿ. ಅದೂ ದಾಳಿಂಬೆಯಲ್ಲ, ಕಿತ್ತಳೆ. ಒಂದು ಲೋಟ ತಾಜಾ ಕಿತ್ತಳೆ ರಸದಲ್ಲಿ 120 ಮಿಲಿಗ್ರಾಂ ಸುಮಾರು ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ವಿಟಮಿನ್ ಸಿ ಅದೇ ಊಟದ ಜೊತೆ ಹೊಟ್ಟೆಗೆ ಬಿದ್ದರೆ ಸೊಪ್ಪು, ಕಾಳಿನ ಕಬ್ಬಿಣ ಎರಡು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಕುಡಿದ ಜ್ಯೂಸಿನಿಂದ ಮಧ್ಯಾಹ್ನದ ಸೊಪ್ಪಿಗೆ ಉಪಯೋಗ ಇಲ್ಲ, ಎರಡೂ ಒಟ್ಟಿಗೆ ಹೊಟ್ಟೆಯಲ್ಲಿ ಇರಬೇಕು. ಹಾಗಂತ ಇದಕ್ಕೂ ಜ್ಯೂಸ್ ಬೇಕಾಗಿಲ್ಲ. ಊಟ ಮುಗಿದ ಕೂಡಲೇ ಒಂದು ಸೀಬೆಹಣ್ಣು ಕೊಡಿ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ಇದೆ, ಅಷ್ಟೇ ತೂಕದ ಕಿತ್ತಳೆ ರಸದ ನಾಲ್ಕು ಪಟ್ಟು, ನಾರೂ ಹಾಗೇ ಇರುತ್ತದೆ. ಬೆಟ್ಟದ ನೆಲ್ಲಿಕಾಯಿ ಸಿಕ್ಕಿದರೆ ಒಂದು ನೆಲ್ಲಿಕಾಯಿ ಉಪ್ಪು ಹಚ್ಚಿಕೊಂಡು ತಿಂದರೂ ಆಯಿತು. ಏನೂ ಇಲ್ಲದ ದಿನ ಒಲೆ ಆರಿಸಿದ ಮೇಲೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಒಲೆಯ ಮೇಲಿರುವಾಗ ಹಿಂಡಿದರೆ ಬಿಸಿಗೆ ಒಂದಷ್ಟು ಹೋಗುತ್ತದೆ.

ಇನ್ನೊಂದು ಕಡೆ ಬಾಗಿಲು ಮುಚ್ಚುವುದು ಕಾಫಿ, ಟೀ. 1983ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಪರೀಕ್ಷೆಯಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಿಗೆ ಕಬ್ಬಿಣ ಸೇರುವುದು ಶೇ 39ರಷ್ಟು ಕಡಿಮೆಯಾಯಿತು, ಟೀ ಕುಡಿದವರಿಗೆ ಶೇ 64. ಊಟ ಆಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ಅಷ್ಟೇ ಕಡಿಮೆಯಾಯಿತು, ಊಟಕ್ಕೆ ಒಂದು ಗಂಟೆ ಮೊದಲು ಕುಡಿದವರಿಗೆ ಮಾತ್ರ ಏನೂ ವ್ಯತ್ಯಾಸ ಆಗಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಓದುವಾಗ ನಿದ್ದೆ ಬರಬಾರದು ಅಂತ ಕಾಫಿ ಕೇಳುತ್ತಾರೆ, ನನಗೆ ಗೊತ್ತು. ಸಂಜೆ ನಾಲ್ಕೂವರೆಗೆ ಸ್ಕೂಲಿಂದ ಬಂದಾಗ ಒಂದು ಸಣ್ಣ ಲೋಟ ಕೊಡಿ, ತಿಂಡಿ ಊಟದ ಹತ್ತಿರ ಬೇಡ. ಮಾತ್ರೆಯನ್ನೂ ಹಾಲು, ಕಾಫಿಯ ಜೊತೆ ನುಂಗಿಸಬೇಡಿ. ನಿಂಬೆ ಪಾನಕ ಇಲ್ಲವೇ ಬರೀ ನೀರು.

ಯಾವ ಸೊಪ್ಪು ಅಂದರೆ, ಒಂದನ್ನೇ ಹಿಡಿದುಕೊಳ್ಳಬೇಡಿ. ಪಾಲಕ್ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ತರುತ್ತಾರೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಮೈಗೆ ಹತ್ತದ ಹಾಗೆ ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಅನ್ನುವ ವಸ್ತು ಜಾಸ್ತಿ. ಅದರ ಕ್ಯಾಲ್ಸಿಯಂ ನೂರಕ್ಕೆ 5 ಭಾಗ ಮಾತ್ರ ನಮಗೆ ಸಿಗುತ್ತದೆ, ಹಾಲಿನದು 27 ಭಾಗ ಸಿಗುವಾಗ. ದಂಟಿನಲ್ಲೂ ಆಕ್ಸಲೇಟ್ ಇದೆ, ಹಾಗಾಗಿ ಮೇಲೆ ಹೇಳಿದ 200 ಮಿಲಿಗ್ರಾಂ ಕ್ಯಾಲ್ಸಿಯಂ ಪೂರ್ತಿ ಸಿಗುತ್ತದೆ ಅಂದುಕೊಳ್ಳಬೇಡಿ, ಅದಕ್ಕೆ ಹಾಲು, ಮೊಸರು, ರಾಗಿ ಇರಲಿ. ನುಗ್ಗೆ ಸೊಪ್ಪು ಮತ್ತು ಮೆಂತ್ಯ ಸೊಪ್ಪಿನಲ್ಲಿ ಈ ತೊಂದರೆ ಕಡಿಮೆ. ನನ್ನನ್ನು ಕೇಳಿದರೆ ವಾರದಲ್ಲಿ ಎರಡು ದಿನ ನುಗ್ಗೆ ಸೊಪ್ಪು ಇರಲೇಬೇಕು. ಹಸಿ ನುಗ್ಗೆ ಸೊಪ್ಪಿನ 100 ಗ್ರಾಂನಲ್ಲಿ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ, ಪ್ರೋಟೀನ್ 6 ಗ್ರಾಂ ಸುಮಾರು. ಬಿಡಿಸುವುದು ತಲೆನೋವು, ನಿಜ. ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಎಲೆ ತಾನಾಗಿಯೇ ಉದುರಿರುತ್ತದೆ, ನಮ್ಮ ಊರುಗಳಲ್ಲಿ ಹಾಗೇ ಮಾಡುವುದು.

ಸೊಪ್ಪು ಅಂದರೆ ಅಷ್ಟಕ್ಕಷ್ಟೇ ಅನ್ನುವ ಹುಡುಗಿಗೆ ಪಲ್ಯ ಬಡಿಸಿ ತಿನ್ನು ತಿನ್ನು ಅಂದರೆ ಕೋಪ ಬರುತ್ತದೆ, ಮಾತು ಬೆಳೆಯುತ್ತದೆ. ಸುಮ್ನೆ ಬೇರೆ ರೂಪದಲ್ಲಿ ಕೊಡಿ. ಅಕ್ಕಿರೊಟ್ಟಿಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು, ರಾಗಿರೊಟ್ಟಿಗೆ ನುಗ್ಗೆ ಸೊಪ್ಪು ಈರುಳ್ಳಿ. ಮಸ್ಸೊಪ್ಪಿನಲ್ಲಿ ಎಲೆಯೇ ಕಾಣುವುದಿಲ್ಲ. ಮೆಂತ್ಯ ಬಾತಿಗೆ ಎರಡು ಹಿಡಿ ಜಾಸ್ತಿ ಹಾಕಿದರೂ ತಿನ್ನುತ್ತಾರೆ. ಮನೆಯಲ್ಲಿ ಕಬ್ಬಿಣದ ಬಾಣಲೆ ಇದ್ದರೆ ಒಗ್ಗರಣೆ, ಗೊಜ್ಜು ಅದರಲ್ಲೇ ಮಾಡಿ, ಹುಳಿ ಇರುವ ಅಡುಗೆಗೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಸೇರುತ್ತದೆ. ನೀವು ಮಾಂಸ ತಿನ್ನುವವರಾದರೆ ವಾರಕ್ಕೆ ಒಂದೆರಡು ಸಲ ಮಟನ್ನೋ ಲಿವರ್ರೋ ಸೊಪ್ಪಿನ ಸಾರಿನ ಜೊತೆಗೇ ಇರಲಿ. ಮಾಂಸದ ಕಬ್ಬಿಣ ಹೆಚ್ಚು ಸುಲಭವಾಗಿ ಸೇರುತ್ತದೆ, ಪಕ್ಕದ ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ.

ನಿಮ್ಮ ಮನೆಯವರಿಗೆ ಬೇಜಾರಾಗುವುದು ಬೇಡ. ಮಗಳಿಗಾಗಿ ಬೆಳಿಗ್ಗೆ ಎದ್ದು ದಾಳಿಂಬೆ ಬಿಡಿಸುವ ಅಪ್ಪ ಎಷ್ಟು ಜನಕ್ಕೆ ಸಿಗುತ್ತಾರೆ? ಬಿಡಿಸುವುದನ್ನು ಅವರು ಮುಂದುವರಿಸಲಿ, ಮಿಕ್ಸಿಗೆ ಹಾಕುವುದನ್ನು ಬಿಡಲಿ. ಒಂದು ಬಟ್ಟಲು ಕಾಳನ್ನು ಹಾಗೇ ಟಿಫನ್ ಡಬ್ಬಿಗೆ ಹಾಕಿ ಕಳಿಸಿ.

ನಿಮ್ಮ ಮನೆಯಲ್ಲಿ ಹಿರಿಯರಿದ್ದಾರೆ, ಹಾಗಾಗಿ ಇದನ್ನೂ ಹೇಳುತ್ತೇನೆ. ಯಾರಾದರೂ ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರೆ ಸೊಪ್ಪನ್ನು ಇದ್ದಕ್ಕಿದ್ದಂತೆ ಜಾಸ್ತಿ ಮಾಡಬೇಡಿ, ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಡಾಕ್ಟರಿಗೆ ಹೇಳಿ, ದಿನಾ ಒಂದೇ ಅಳತೆಯಲ್ಲಿ ತಿಂದರೆ ತೊಂದರೆ ಇಲ್ಲ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲಾದವರು ಪಾಲಕ್, ದಂಟು ಕಡಿಮೆ ಮಾಡಲಿ, ಬಸಿದ ಕಟ್ಟನ್ನೂ ಅವರು ಕುಡಿಯುವುದು ಬೇಡ. ಶುಗರ್ ಇರುವವರಿಗೆ ಜ್ಯೂಸ್ ಬೇಡವೇ ಬೇಡ, ಶುಗರ್ ಇಳಿದು ಕೈಕಾಲು ನಡುಗುವಾಗ ಅರ್ಧ ಲೋಟ ಬಿಟ್ಟರೆ.

ಮಗಳ ವಿಷಯದಲ್ಲಿ ಕೊನೆಗೆ ಎರಡು ಕೆಲಸ. ಮುಟ್ಟಿನಲ್ಲಿ ಹೆಚ್ಚು ಹೋಗುತ್ತದಾ, ಏಳು ದಿನ ದಾಟುತ್ತದಾ ಅಂತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಈ ವಯಸ್ಸಿನಲ್ಲಿ ರಕ್ತ ಕಡಿಮೆಯಾಗಲು ಅದು ದೊಡ್ಡ ಕಾರಣ, ಮಕ್ಕಳು ತಾವಾಗಿ ಹೇಳುವುದಿಲ್ಲ. ಜಂತುಹುಳದ ಮಾತ್ರೆ ಕೊಟ್ಟು ಆರು ತಿಂಗಳಾಗಿದ್ದರೆ ಅದನ್ನೂ ಕೊಡಿಸಿ. ಕಬ್ಬಿಣದ ಮಾತ್ರೆ ಶುರುಮಾಡಿದ ಮೇಲೆ ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಹೊಟ್ಟೆ ತೊಳೆಸಿದರೆ ಊಟ ಆದ ಮೇಲೆ ಕೊಡಿ. ಒಂದು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಕಡಿಮೆ ಅಂದರೂ 1 ಗ್ರಾಂ ಏರಿರಬೇಕು, ಅಂದರೆ 10.8 ಮುಟ್ಟಿರಬೇಕು. ಮುಟ್ಟಿಲ್ಲ ಅಂದರೆ ಅದೇ ಮಾತ್ರೆಯನ್ನು ಹಾಗೇ ಮುಂದುವರಿಸದೆ ರಿಪೋರ್ಟ್ ತಗೊಂಡು ಡಾಕ್ಟರ ಹತ್ತಿರ ಹೋಗಿ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ತರಹ ಬೇರೆ ಕಾರಣ ಇದೆಯಾ ಅಂತ ಅವರು ನೋಡುತ್ತಾರೆ. ಮುಟ್ಟಿದ್ದರೆ 12 ದಾಟುವವರೆಗೆ ಕೊಡಿ, ದಾಟಿದ ಮೇಲೂ ಡಾಕ್ಟರನ್ನು ಕೇಳಿಕೊಂಡು ಎರಡು ಮೂರು ತಿಂಗಳು ಬಿಡದೆ ಕೊಡಿ.